ದಿನಗೂಲಿಯ ಅತ್ತೆ

ಆ ಹಾಸ್ಯ ಧಾರಾವಾಹಿಯಲ್ಲಿ ಅವಳು ಅತ್ತೆ, ಅವನು ಮನೆ ಅಳಿಯ. ನಾಲ್ಕು ವರ್ಷದಿಂದ ಸೆಟ್ಟಿನಲ್ಲಿ ಎಲ್ಲರ ಬಾಯಲ್ಲೂ ಅದೇ ಹೆಸರು ಕೂತುಬಿಟ್ಟಿತ್ತು. ಅವಳ ಗಂಡ ಕೂಡ ಸೆಟ್ಟಿಗೆ ಫೋನ್ ಮಾಡಿದರೆ "ಅತ್ತೆ ಇದ್ದಾರಾ?" ಎಂದೇ ಕೇಳುತ್ತಿದ್ದ, ಆ ಮಹಾನುಭಾವ.

ವ್ಯತ್ಯಾಸ ಒಂದೇ. ಅಳಿಯನಿಗೆ ಸಂಚಿಕೆಗೆ ಇಷ್ಟು ಎಂದು ಸಂಬಳ, ಅತ್ತೆಗೆ ದಿನಕ್ಕೆ ಇಷ್ಟು. ಅಷ್ಟೇ ತಾನೇ ಎನ್ನಬೇಡಿ. ನಿರ್ಮಾಪಕ ಭಲೇ ಘಾಟಿ ಆಸಾಮಿ. ನಾಲ್ಕು ಸಂಚಿಕೆಗಳಲ್ಲಿ ಅತ್ತೆ ಬರುವ ದೃಶ್ಯಗಳನ್ನೆಲ್ಲ ಗುಡ್ಡೆ ಹಾಕಿ ಒಂದೇ ದಿನಕ್ಕೆ ತುರುಕುತ್ತಿದ್ದ. ಅವಳು ನಾಲ್ಕು ಸಲ ಬಟ್ಟೆ ಬದಲಿಸಿ, ನಾಲ್ಕು ಸಲ ಅಳಿಯನನ್ನು ಬೈದು, ಒಂದು ದಿನದ ಕೂಲಿ ಎಣಿಸಿಕೊಂಡು ಮನೆಗೆ ಹೋಗಬೇಕು, ಅದು ಅವನ ಲೆಕ್ಕ. ಬೈಗುಳಕ್ಕೂ ಸಗಟು ದರ!

ಇವತ್ತು ಮುಂದಿನ ವರ್ಷದ ಒಪ್ಪಂದಕ್ಕೆ ಸಹಿ ಹಾಕುವ ದಿನ. ತನಗೂ ಸಂಚಿಕೆಯ ಲೆಕ್ಕದಲ್ಲೇ ಕೊಡಬೇಕೆಂದು ಕೇಳಲು ಅತ್ತೆ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು. ಹೋದ ವರ್ಷ ಕೇಳಿದ್ದಕ್ಕೆ ನಿರ್ಮಾಪಕ, "ಅತ್ತೆ ತಂಗಿ ಮನೆಗೆ ಹೋದ್ರು ಅಂತ ಒಂದು ಸಾಲು ಬರೆಸಿದ್ರೆ ಮುಗೀತು" ಎಂದಿದ್ದ. ಅವಳಿಗೆ ಆ ಪಾತ್ರವೆಂದರೆ ಜೀವ. ಈ ವಯಸ್ಸಿಗೆ ಇನ್ನೊಂದು ಸಿಗುವ ಭರವಸೆಯೂ ಇರಲಿಲ್ಲ.

ಸಾಲದ್ದಕ್ಕೆ ಅಳಿಯ ಇವತ್ತೂ ತಡ. ಅವನು ಯಾವತ್ತೂ ತಡವೇ. ಬೆಳಗಿನ ಕೆಲಸ ಮಧ್ಯಾಹ್ನಕ್ಕೆ, ಮಧ್ಯಾಹ್ನದ್ದು ನಾಳೆಗೆ ಹೋಗುತ್ತಿತ್ತು. ನಿರ್ಮಾಪಕನ ತಲೆ ಕೆಟ್ಟರೆ ತನ್ನ ಮಾತು ನಡೆಯುತ್ತದೆಯೇ? ಅತ್ತೆ ಧುಮುಗುಡುತ್ತ ಹೋಗಿ ಅವನ ಮೇಕಪ್ ಕೋಣೆಯ ಬಾಗಿಲು ತಳ್ಳಿದಳು.

ಅಳಿಯ ಒಳಗೇ ಇದ್ದ. ಬಣ್ಣ ಹಚ್ಚಿ, ಟೈ ಕಟ್ಟಿ, ಕಾಲ ಮೇಲೆ ಕಾಲು ಹಾಕಿಕೊಂಡು ಕಡಲೆಕಾಯಿ ಬಿಡಿಸುತ್ತಿದ್ದ.

"ಯಾವಾಗ ಬಂದೆಯೋ?"

"ಎಂಟಕ್ಕೇ ಬಂದೆ ಅತ್ತೆ, ಹಿಂದಿನ ಬಾಗಿಲಿಂದ." ಅವನು ಗಡಿಯಾರ ನೋಡಿದ. "ಇನ್ನೊಂದು ಇಪ್ಪತ್ತು ನಿಮಿಷ ತಡೀರಿ. ನಿಮ್ಮ ಕೊನೇ ಸೀನು ನಾಳೆಗೆ ಹೋಗತ್ತೆ. ನಿಮಗೆ ಇನ್ನೊಂದು ದಿನದ ದುಡ್ಡು ಬರತ್ತೆ."

ಅತ್ತೆ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು. ನಾಲ್ಕು ವರ್ಷ ಈ ಹುಡುಗನಿಗೆ ಹಾಕಿದ ಹಿಡಿಶಾಪವೆಲ್ಲ ನೆನಪಾಗಿ ನಾಚಿಕೆಯಾಯಿತು. ಮರುಕ್ಷಣವೇ ಸಿಟ್ಟೂ ಬಂತು.

"ಕದ್ದು ಮಾಡೋ ಉಪಕಾರ ನನಗೆ ಬೇಡ ಕಣೋ. ನನ್ನ ಪಕ್ಕ ನಿಂತು ಕೇಳು, ಬಾ."

ಕಡಲೆಕಾಯಿ ಬಿಡಿಸುತ್ತಿದ್ದ ಕೈ ನಿಂತಿತು. "ನನ್ನದಕ್ಕೇ ಕತ್ತರಿ ಬಿದ್ರೆ?"

"ಬೀಳಬಹುದು. ನಿನ್ನಿಷ್ಟ."

ಅವನು ಬಂದ. ಸೆಟ್ಟಿನಲ್ಲಿ ಪಟಪಟ ಮಾತಾಡುವ ಶೂರ ನಿರ್ಮಾಪಕನ ಮುಂದೆ ಉಗುಳು ನುಂಗಿದ, ತೊದಲಿದ, ಬೆವರಿದ. ಕೊನೆಗೆ, "ಅತ್ತೆಯವರ ಕಾಗದದಲ್ಲೂ ಸಂಚಿಕೆಗೆ ಇಷ್ಟು ಅಂತ ಬರೀರಿ ಸಾರ್. ಆಮೇಲೆ ನಾನು ಸಹಿ ಮಾಡ್ತೀನಿ" ಎಂದ.

ಅತ್ತೆಯನ್ನು ಎತ್ತಂಗಡಿ ಮಾಡಬಹುದು, ಅಳಿಯನಿಲ್ಲದೆ ಧಾರಾವಾಹಿ ಎಲ್ಲಿಯದು? ನಿರ್ಮಾಪಕ ಗೊಣಗಿ ಗೊಣಗಿ ಬರೆದುಕೊಟ್ಟ. ಅಳಿಯನ ಸಂಬಳದ ಮೂರನೇ ಒಂದು ಪಾಲೂ ಅಲ್ಲ. ಆದರೂ ಅತ್ತೆಗೆ ಕುಣಿಯುವಷ್ಟು ಖುಷಿಯಾಯಿತು.

ಮರುದಿನ ಹೇಳಿದ ಹೊತ್ತಿಗೆ ಸರಿಯಾಗಿ ಅಳಿಯ ಸೆಟ್ಟಿಗೆ ಬಂದ. ಸಂಜೆ ಐದಕ್ಕೆಲ್ಲ ಕೆಲಸ ಮುಗಿಯಿತು. ಅತ್ತೆ ಬ್ಯಾಗು ಹೆಗಲಿಗೇರಿಸಿ ಹೊರಟಾಗ, ಧಾರಾವಾಹಿಯಲ್ಲಿ ಪೋಸ್ಟ್‌ಮ್ಯಾನ್ ಆಗುವ ಹಿರಿಯ ನಟ ಗೇಟಿನ ಹತ್ತಿರ ಸಪ್ಪೆ ಮುಖ ಹಾಕಿಕೊಂಡು ನಿಂತಿದ್ದ. ಅವನೂ ದಿನದ ಲೆಕ್ಕದವನೇ.

"ಅಳಿಯಂದ್ರು ಇವತ್ತು ಯಾಕಮ್ಮ ಬೇಗ ಬಂದ್ರು? ನಾಳೆ ನನಗೆ ಕೆಲಸ ಇಲ್ಲವಂತೆ."

ಅತ್ತೆಯ ಖುಷಿ ಜರ್ರನೆ ಇಳಿಯಿತು. ಅಯ್ಯೋ, ನನ್ನದೊಂದನ್ನೇ ನೋಡಿಕೊಂಡೆನಲ್ಲ ಎಂದುಕೊಂಡಳು. ಬ್ಯಾಗು ಕೆಳಗಿಟ್ಟು ಅವನ ತೋಳು ಹಿಡಿದಳು.

"ಬನ್ನಿ ಅಣ್ಣ, ನಿರ್ಮಾಪಕರು ಇನ್ನೂ ಒಳಗೇ ಇದ್ದಾರೆ." ಹಿಂದೆ ಬರುತ್ತಿದ್ದ ಅಳಿಯನತ್ತ ತಿರುಗಿದಳು. "ಏ ಅಳಿಯ, ನೀನೂ ಬಾರೋ."