ಸಾಂತಾ ತಾತನ ಚೀಲದ ತಳ

ಕ್ಲಬ್ಬಿನ ಕ್ರಿಸ್‌ಮಸ್ ಪಾರ್ಟಿಗೆ ವರ್ಷವರ್ಷವೂ ಸಾಂತಾ ಆಗುತ್ತಿದ್ದವರು ಅಧ್ಯಕ್ಷರೇ. ಈ ಸಲ ಅವರ ಸೊಂಟ ಹಿಡಿದುಕೊಂಡಿತು. ಆ ಕೆಂಪು ಕೋಟು ತುಂಬುವಷ್ಟು ಹೊಟ್ಟೆ ಇದ್ದವನು ಬೇರರ್ ಒಬ್ಬನೇ. ಅವನು ಹಿಂದುಮುಂದು ನೋಡಿದಾಗ ಕಾರ್ಯದರ್ಶಿ ಮೇಡಂ, ನಿನ್ನ ಮಗಳನ್ನೂ ಕರ್ಕೊಂಡು ಬಾ, ಎಲ್ಲ ಮಕ್ಕಳ ಜೊತೆ ಕೂರಲಿ ಎಂದರು. ಆಸಾಮಿ ಹಿಗ್ಗಿ ಹೀರೇಕಾಯಿಯಾದ.

ಮನೆಗೆ ಹೋಗಿ, ಸಾಂತಾ ತಾತ ಹೆಸರು ಹಿಡಿದು ಕರೀತಾನೆ, ನಿನಗೂ ಉಡುಗೊರೆ ಕೊಡ್ತಾನೆ ಎಂದು ಮಗಳ ತಲೆತುಂಬ ಆಸೆ ತುಂಬಿದ. ತಾತ ಯಾರೆಂಬುದನ್ನು ಮಾತ್ರ ಬಾಯಿ ಬಿಡಲಿಲ್ಲ.

ಪಾಪ, ಅವನಿಗೇನು ಗೊತ್ತು? ಚೀಲದೊಳಗಿನ ಉಡುಗೊರೆಗಳನ್ನು ಕ್ಲಬ್ಬು ಕೊಳ್ಳುತ್ತಿರಲಿಲ್ಲ. ಅಪ್ಪ ಅಮ್ಮಂದಿರೇ ತಂತಮ್ಮ ಮಕ್ಕಳಿಗೆಂದು ತಂದು, ಹೆಸರು ಅಂಟಿಸಿ, ಹಿಂಬಾಗಿಲಲ್ಲಿ ಮೇಡಂ ಕೈಗೆ ಕೊಟ್ಟು ಹೋಗುವುದು ಅಲ್ಲಿನ ರೂಢಿ. ಮೆಂಬರುಗಳಿಗೆಲ್ಲ ಗೊತ್ತಿದ್ದ ಸಂಗತಿ. ಬೇರರ್‌ಗೆ ಹೇಳಬೇಕೆಂದು ಮೇಡಂಗೆ ಹೊಳೆಯಲೇ ಇಲ್ಲ. ಒಂದು ಚಮಚ ಕಾಣದಿದ್ದರೆ ಭೂಮಿ ಆಕಾಶ ಒಂದು ಮಾಡುವ ಹೆಂಗಸು!

ಗಲ್ಲಕ್ಕೆ ಗೋಂದು ಹಚ್ಚಿ ಹತ್ತಿಯ ಗಡ್ಡ ಅಂಟಿಸಿದರು. ಏನೇ ಆದರೂ ಗಡ್ಡ ತೆಗೆಯಕೂಡದು, ಮಕ್ಕಳ ನಂಬಿಕೆ ಮುರಿದರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದು ಮೇಡಂ ಕಡ್ಡಿ ಮುರಿದಂತೆ ಹೇಳಿದರು.

ಅವನು ಒಂದೊಂದೇ ಪೊಟ್ಟಣ ತೆಗೆದು ಹೆಸರು ಕೂಗಿದ. ಮಗಳು ಕೊನೇ ಕುರ್ಚಿಯ ತುದಿಯಲ್ಲಿ ಕೂತು, ಪ್ರತಿ ಹೆಸರಿಗೂ ಅರ್ಧ ಏಳುತ್ತಿದ್ದಳು, ಮತ್ತೆ ಕೂರುತ್ತಿದ್ದಳು. ಚೀಲ ಹಗುರಾದಷ್ಟೂ ಅವನ ಎದೆ ಭಾರವಾಯಿತು. ಕೊನೆಗೆ ತಳವೆಲ್ಲ ತಡಕಾಡಿದ. ಏನೂ ಇರಲಿಲ್ಲ.

ಅಷ್ಟರಲ್ಲಿ ಮಗಳು ತಾನಾಗಿಯೇ ಎದ್ದು ಬಂದು ಎರಡೂ ಕೈ ಚಾಚಿದ್ದಳು. ಮಕ್ಕಳೆಲ್ಲ ನೋಡುತ್ತಿದ್ದರು. ಮೇಡಂ ಅವನ ಕಿವಿಯ ಹತ್ತಿರ ಬಗ್ಗಿದರು.

"ಈ ವರ್ಷ ನೀನು ಕೆಟ್ಟ ಹುಡುಗಿ, ಅದಕ್ಕೇ ಇಲ್ಲ ಅಂದ್ಬಿಡು. ಬೇಗ, ಕೇಕ್ ಕಟ್ ಮಾಡ್ಬೇಕು."

ಅವನಿಗೆ ಕೆಲಸ ನೆನಪಾಯಿತು, ಮನೆ ಬಾಡಿಗೆ ನೆನಪಾಯಿತು. ದಪ್ಪ ದನಿ ಮಾಡಿ, ಹೇಳಿದಂತೆಯೇ ಹೇಳಿಬಿಟ್ಟ.

ನೆರೆದವರೆಲ್ಲ ಗೊಳ್ಳೆಂದು ನಕ್ಕರು. ಅವಳೂ ನಕ್ಕಳು. ತಾತ ತಮಾಷೆ ಮಾಡುತ್ತಿದ್ದಾನೆ, ಈಗ ಕೊಡುತ್ತಾನೆ ಎಂದುಕೊಂಡು ಚಾಚಿದ ಕೈ ಹಾಗೇ ಹಿಡಿದು ನಿಂತಿದ್ದಳು. ಮೇಡಂ ಅವಳ ಭುಜ ಹಿಡಿದು ಪಕ್ಕಕ್ಕೆ ಸರಿಸಬೇಕಾಯಿತು.

ವೇಷ ಕಳಚಿ, ಮುಖ ತೊಳೆದು ಅವನು ಅಡುಗೆಮನೆಗೆ ಬಂದಾಗ ಅವಳು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ಕೇಕು ಮುಟ್ಟಿರಲಿಲ್ಲ.

"ಅಪ್ಪಾ, ನಾನು ಕೆಟ್ಟವ್ಳಾ?"

"ಯಾರಂದಿದ್ದು? ನನ್ನ ಬಂಗಾರ ನೀನು. ಆ ತಾತ ಸುಳ್ಳುಬುರುಕ."

ಎತ್ತಿಕೊಳ್ಳಲು ಬಗ್ಗಿದ. ಅವಳು ಅವನ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಕೈ ಚಾಚಿ, ಗಲ್ಲದಲ್ಲಿ ಉಳಿದಿದ್ದ ಹತ್ತಿಯ ಎಳೆಯೊಂದನ್ನು ಮೆಲ್ಲಗೆ ಕಿತ್ತಳು.

"ಮತ್ತೆ ಯಾಕಪ್ಪಾ ಹಾಗಂದೆ?"