ಹನ್ನೊಂದರ ನೀರು

"ಆ ಕೊಡ ಕೆಳಗಿಡಿ," ಎಂದು ಜಯಶೀಲ ಹೆಂಡತಿಯ ತಲೆಯ ಮೇಲೆ ಬಾಗಿದ್ದ ಕೊಡವನ್ನು ಎರಡೂ ಕೈಗಳಿಂದ ತಡೆದು ಹಿಡಿದ.

ಕೊಡ ಎತ್ತಿದ್ದವಳು ಎರಡನೆಯ ಮಹಡಿಯ ಭಾಗೀರಥಿ. ಬೆಚ್ಚಿ ಹಿಂದೆ ಸರಿದಳು. ಠಾಣೆ ಶಹರದ ವರ್ತಕ ನಗರದ ಆ ಹಳೆಯ ಕಟ್ಟಡದ ಅಂಗಳದಲ್ಲಿ ಹಲಗೆಯ ಮೇಲೆ ಉಮಾವತಿಯ ಹೆಣವನ್ನು ಮಲಗಿಸಿದ್ದರು. ಆಸ್ಪತ್ರೆಯಿಂದ ತಂದು ಒಂದು ಗಂಟೆಯಾಗಿತ್ತು. ಮುಖ, ಅಂಗೈ, ಉಗುರು ಎಲ್ಲ ಹಳದಿ. ಸುಮಂಗಲಿಗೆ ಹಚ್ಚಬೇಕೆಂದು ಹೆಂಗಸರು ತಂದಿಟ್ಟ ಅರಸಿನದ ಬಟ್ಟಲನ್ನು ಯಾರೂ ಮುಟ್ಟಿರಲಿಲ್ಲ.

"ಸ್ನಾನ ಮಾಡಿಸ್ದೆ ಹೇಗೆ ಕಳಿಸೋದು ಅಂಕಲ್?" ಎಂದಳು ಭಾಗೀರಥಿ. ಅವಳು ಮೈಸೂರಿನವಳು.

"ಮಾಡಿಸಿ. ಈ ನೀರು ಬೇಡ."

"ಬೇರೆ ನೀರು ಎಲ್ಲಿದೆ?"

"ಇದೇ ನೀರಲ್ವಾ ಅವಳನ್ನು ತಿಂದದ್ದು! ಡಾಕ್ಟರ್ ಹೇಳಿದ್ದಾರೆ. ಕುಡಿಯುವ ನೀರಿಗೆ ಹೊಲಸು ಸೇರಿ ಬಂದ ಕಾಮಾಲೆ ಅಂತ. ಸತ್ತ ಮೇಲೂ ಅದನ್ನೇ ಹೊಯ್ಯುವುದಾ?"

ಭಾಗೀರಥಿಯ ಮಗ ಸೃಜನ್‌ಗೆ ಎಂಟು ದಿನದಿಂದ ಜ್ವರ. ನಿನ್ನೆಯಿಂದ ಕಣ್ಣು ಹಳದಿ. ಅವಳು ಕೊಡವನ್ನು ನೆಲಕ್ಕಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಸೊಸೈಟಿಯ ಸೆಕ್ರೆಟರಿ ಮುರಾರಿ ಫೋನು ಕಿವಿಯಿಂದ ತೆಗೆದು ಹತ್ತಿರ ಬಂದ. ಜಯಶೀಲನ ಊರಿನ ಕಡೆಯವನೇ.

"ಜಯಶೀಲಣ್ಣ, ದುಃಖದಲ್ಲಿ ಏನೇನೋ ಮಾತಾಡ್ಬೇಡಿ. ಜನ ಹೆದರ್ತಾರೆ. ವ್ಯಾನಿಗೆ ಹೇಳಿದ್ದೇನೆ. ಹನ್ನೊಂದಕ್ಕೆ ನೀರು ಬರ್ತದೆ, ಅದರೊಳಗೆ ಇಲ್ಲಿಯದ್ದು ಮುಗಿಸುವ."

"ನಿಮ್ಮ ನೀರಿಗೆ ನನ್ನ ಹೆಂಡತಿ ಅಡ್ಡ ಬಂದಳಾ ಮುರಾರಿ?"

"ಛೆ, ಹಾಗಲ್ಲ ಮಾರಾಯ್ರೆ..."

*

ಆ ವರ್ಷ ನೀರಿಗೆ ಕಡಿತ ಬಿದ್ದಿತ್ತು. ದಿನಕ್ಕೆ ಒಂದೇ ಸಲ, ಹನ್ನೊಂದಕ್ಕೆ ಶುರುವಾಗಿ ಮುಕ್ಕಾಲು ಗಂಟೆ. ನೆಲಮಹಡಿಯ ನಲ್ಲಿಗೆ ಮೊದಲು ಬರುವುದು. ಮೊದಲ ನೀರೆಂದರೆ ಪೈಪಿನ ತುಕ್ಕು, ಮಣ್ಣು, ಕಸ. ನೆಲಮಹಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದವಳು ಉಮಾವತಿ.

ಎರಡು ಬಕೆಟ್ ನೀರು ಬಿಟ್ಟು, ಮೂರನೆಯದಕ್ಕೆ ಲೋಟ ಒಡ್ಡಿ, ಮೂಸಿ, ಒಂದು ಗುಟುಕು ಬಾಯಿಗೆ ಹಾಕುವಳು. ಆಮೇಲೆ ಮೆಟ್ಟಿಲ ಬುಡಕ್ಕೆ ಬಂದು ತಲೆಯೆತ್ತಿ, "ಚೋಖಾ ಹೈ, ಭರೋ!" ಎಂದು ಕೂಗುವಳು. ನೀರು ಚೊಕ್ಕ ಇದೆ, ತುಂಬಿಕೊಳ್ಳಿ ಎಂದರ್ಥ. ಆಗ ನಾಲ್ಕು ಮಹಡಿಯ ಮನೆಗಳಲ್ಲಿ ಕುಡಿಯುವ ನೀರಿನ ಪಾತ್ರೆಗಳು ನಲ್ಲಿಯ ಕೆಳಗೆ ಹೋಗುತ್ತಿದ್ದವು. ನೀರು ಕೆಟ್ಟಿದ್ದರೆ ಮರಾಠಿಯಲ್ಲಿ, "ಥಾಂಬಾ!" ತಡೆಯಿರಿ ಎಂದು. ಅವಳಿಗೆ ಸರಿಯಾಗಿ ಬರುತ್ತಿದ್ದ ಮರಾಠಿ ಅದೊಂದೇ.

ಜಯಶೀಲ ಠಾಣೆಯ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವನು. ನಗುತ್ತಿದ್ದ. "ನಮ್ಮಲ್ಲಿ ಸಾಂಬಾರಿನ ರುಚಿ ನೋಡುವ ಭಟ್ರಿಗೆ ಸಂಬಳ ಉಂಟು. ನಿನಗೆಂತ ಉಂಟು?"

"ನನ್ನ ಒಂದು ಮಾತಿಗೆ ನಾಲ್ಕು ಮಹಡಿ ನಿಲ್ತದೆ. ನಿಮ್ಮ ಮಾತಿಗೆ ಒಬ್ಬ ವೇಟರ್ ನಿಲ್ತಾನಾ?"

ಗಂಡನಿಗೆ ಹೊಟ್ಟೆಯ ಆಪರೇಷನ್ ಆದಂದಿನಿಂದ ಅವನಿಗೆ ಕುದಿಸಿ ಆರಿಸಿದ ನೀರು. ನೀನೂ ಅದನ್ನೇ ಕುಡಿ ಎಂದರೆ ಒಪ್ಪುತ್ತಿರಲಿಲ್ಲ. "ನಾಲಿಗೆಗೆ ಕುದಿಸಿದ್ದು ರೂಢಿಯಾದ್ರೆ ಕೆಟ್ಟದ್ದು ಗೊತ್ತಾಗುವುದಿಲ್ಲ. ಮತ್ತೆ ನಾನು ಅವರಿಗೆ ಎಂತ ಹೇಳುವುದು?"

ಒಂದೂವರೆ ತಿಂಗಳ ಹಿಂದೆ ಅವಳು ಮೂರು ದಿನ ಸತತ "ಥಾಂಬಾ" ಕೂಗಿದಳು. ನೀರಿಗೆ ಮೋರಿಯ ವಾಸನೆ. ನಾಲ್ಕನೆಯ ದಿನ ಮುರಾರಿ ಕೈಯಲ್ಲಿ ಕಾಗದ ಹಿಡಿದು ಬಾಗಿಲಿಗೆ ಬಂದ.

"ಉಮಕ್ಕ, ಅದು ಬರೇ ನೀರಿಗೆ ಹಾಕುವ ಔಷಧಿ ವಾಸನೆ. ನಾನು ಲ್ಯಾಬಿಗೆ ಕಳಿಸಿ ಟೆಸ್ಟ್ ಮಾಡಿಸಿದ್ದೇನೆ. ಇದಾ, ರಿಪೋರ್ಟ್ ಒಳ್ಳೆದುಂಟು. ನೀವು ಹೀಗೆ ಕೂಗಿದ್ರೆ ಯಾರಾದ್ರೂ ಕಂಪ್ಲೇಂಟ್ ಕೊಡ್ತಾರೆ. ಪಾಲಿಕೆಯವ್ರು ಬಂದು ಮೇಲಿನವರು ನೀರೆಳೆಯಲು ಪೈಪಿಗೆ ಕದ್ದು ಹಾಕಿದ ಮೋಟರ್ ಕಂಡ್ರೆ ಲೈನೇ ಕಟ್."

ಉಮಾವತಿಗೆ ಓದು ಬಾರದು. ಅಚ್ಚಾದ ಕಾಗದದ ಮುಂದೆ ತನ್ನ ನಾಲಿಗೆಯದೇನು ಎಂದುಕೊಂಡಳು. ಮರುದಿನ ಬಾಯಿಗೆ ಹಾಕಿದ ನೀರನ್ನು ಮುಖ ಕಿವುಚಿ ನುಂಗಿದಳು. ಮೆಟ್ಟಿಲ ಬುಡಕ್ಕೆ ಹೋಗಿ, "ಚೋಖಾ ಹೈ" ಎಂದು ಕೂಗಿದಳು.

*

ಅಶ್ಮಿತಾ ಕಂಬಿ ಹಿಡಿದು ನಿಧಾನವಾಗಿ ಮೆಟ್ಟಿಲಿಳಿದಳು. ಮುರಾರಿಯ ಸೊಸೆ, ಎಂಟು ತಿಂಗಳ ಬಸುರಿ. ಹೆಣದ ಹತ್ತಿರ ಹೋಗಬಾರದೆಂದು ಮಾವ ತಡೆದಿದ್ದರೂ ಕೇಳಿರಲಿಲ್ಲ.

ಜಯಶೀಲ ಅವಳಿಗಾಗಿಯೇ ಕಾಯುತ್ತಿದ್ದ. ಬೆಳಿಗ್ಗೆ ಡಾಕ್ಟರು ಕೊನೆಗೆ ಕೇಳಿದ ಪ್ರಶ್ನೆ ಅದೇ: ನಿಮ್ಮ ಕಟ್ಟಡದಲ್ಲಿ ಬಸುರಿಯರಿದ್ದಾರೆಯೆ? ಈ ಕಾಮಾಲೆ ಬಸುರಿಯರ ಜೀವ ತೆಗೆಯುತ್ತದೆ, ಹೋಗಿ ಮೊದಲು ಹೇಳಿ. ದಾರಿಯುದ್ದಕ್ಕೂ ಹೆಂಡತಿಯ ಪಕ್ಕ ಕುಳಿತು ಅವನು ಈ ಹುಡುಗಿಯನ್ನೇ ನೆನೆದಿದ್ದ.

"ಮಗಳೇ, ನಲ್ಲಿ ನೀರು ಕುಡಿಯಬೇಡ. ಇವತ್ತೇ ಡಾಕ್ಟರಿಗೆ ತೋರಿಸು. ಒಂದು ಗುಟುಕೂ ಕುಡಿಯಬೇಡ."

"ನಹೀಂ ಅಂಕಲ್," ಎಂದಳು ಅಶ್ಮಿತಾ, ಅಳುತ್ತಲೇ. "ನಾನು ತೋ ಒಂದೂವರೆ ತಿಂಗಳಿಂದ ಜಾರ್ ನೀರೇ ಕುಡಿಯೋದು. ರಿಪೋರ್ಟ್ ಖರಾಬ್ ಬಂತಲ್ಲ, ಪಪ್ಪಾ ಹೇಳಿದ್ರು ನಲ್ಲಿ ನೀರಲ್ಲಿ ಬಾಯಿ ಕೂಡ ಮುಕ್ಕಳಿಸಬೇಡ ಅಂತ. ಎಲ್ಲರಿಗೂ ಬೋಲಾ ಹೋಗಾ, ಹೇಳಿರ್ತಾರೆ ಅಂದ್ಕೊಂಡೆ."

ಅಶ್ಮಿತಾ ಒಬ್ಬೊಬ್ಬರ ಮುಖ ನೋಡಿದಳು. ಕೊನೆಗೆ ಮಾವನ ಮುಖ.

"ಆಂಟಿ ಕೋ ನಹೀಂ ಬತಾಯಾ, ಪಪ್ಪಾ? ಅವರಿಗೆ ಹೇಳ್ಲೇ ಇಲ್ವಾ?"

ಮುರಾರಿ ಬೆವರೊರೆಸಿಕೊಂಡ. "ಬಸುರಿ ಹುಡುಗಿ ಮಾರಾಯ್ರೆ. ನಾನು ನನ್ನ ಮನೆ ನೋಡ್ಬಾರ್ದಾ? ಎಲ್ಲರಿಗೆ ಹೇಳಿದ್ರೆ ಮೋಟರ್ ಹೋಗ್ತದೆ, ಮೇಲಿನವರಿಗೆ ತೊಟ್ಟು ನೀರಿಲ್ಲ. ಮೋಟರ್ ಬೇಕು ಅಂತ ಮೀಟಿಂಗಿನಲ್ಲಿ ಕೈ ಎತ್ತದವರು ಯಾರಿದ್ದೀರಿ, ಹೇಳಿ?"

ಕೈ ಎತ್ತಿದವರೆಲ್ಲ ಆ ಅಂಗಳದಲ್ಲೇ ಇದ್ದರು.

ಚಟ್ಟದ ಬಿದಿರು ಕಟ್ಟುತ್ತ ಕುಳಿತಿದ್ದ ಪ್ಲಂಬರ್ ಯಂಕಣ್ಣ ಹಗ್ಗ ಬಿಟ್ಟು ಎದ್ದ. ವಿಜಾಪುರದ ಕಡೆಯವನು. "ಹದಿಮೂರು ಮೋಟರ್ ನಾನಽ ಕುಂದ್ರಿಸೀನಿ. ಇದರಾಗ ನನ್ನ ಪಾಪನೂ ಐತಿ. ಗೇಟಿನ ಹೊರಗ ಪೈಪು ಮೋರ್‍ಯಾಗ ಹಾದೈತ್ರಿ, ತೂತು ಬಿದ್ದಾವ. ಎಲ್ಲಾರೂ ಕೂಡಿ ಒಮ್ಮಿಗೇ ಜಗ್ಗಿದ್ರ ಪೈಪಿನ್ಯಾಗ ನೀರು ಸಾಲಂಗಿಲ್ಲ. ಮೋರಿದಽ ಎಳಕೋತೈತಿ. ಸೆಕ್ರೆಟರಿ ಸಾಹೇಬ್ರಿಗೆ ಬಾಯಿ ಬಿಟ್ಟು ಹೇಳಿದ್ದೆ. ಸುಮ್ಮನಿರಲೇ ಅಂದ್ರು."

"ಮುರಾರಿ," ಎಂದ ಜಯಶೀಲ. ದನಿ ಏರಲಿಲ್ಲ. "ಅವಳಿಗೆ ಓದಲು ಬರುವುದಿಲ್ಲ ಅಂತ ನಿನಗೆ ಗೊತ್ತಿತ್ತು. ಕೆಟ್ಟ ರಿಪೋರ್ಟನ್ನೇ ತಂದು ಒಳ್ಳೆಯದು ಅಂತ ತೋರಿಸಿದೆಯಲ್ಲ. ಅವಳ ಬಾಯಿಂದಲೇ ಎಲ್ಲರಿಗೂ ಕುಡಿಯಿರಿ ಅಂತ ಹೇಳಿಸಿದೆಯಲ್ಲ."

ಮುರಾರಿ ಏನೋ ಹೇಳಹೊರಟ. ವ್ಯಾನಿನ ಹಾರ್ನು ಕೇಳಿಸಿತು. ಅದೇ ನೆಪವಾಗಿ ಗೇಟಿನಾಚೆ ಹೋದ.

ಅಶ್ಮಿತಾ ಹೇಳಿದ್ದಕ್ಕೆ ಯಂಕಣ್ಣ ಮೂರನೆಯ ಮಹಡಿಯ ಅವಳ ಮನೆಗೆ ಹೋಗಿ ಇಪ್ಪತ್ತು ಲೀಟರಿನ ನೀಲಿ ಜಾರನ್ನು ಹೆಗಲ ಮೇಲೆ ಹೊತ್ತು ತಂದ. ಹೆಂಗಸರು ಸೀರೆ ಅಡ್ಡ ಹಿಡಿದರು. ಭಾಗೀರಥಿ ನೀರು ಹೊಯ್ದಳು. ಸೀರೆಯ ಮೇಲೆ ಎತ್ತಿ ಹಿಡಿದ ಚೊಂಬಿನಿಂದ ಬೀಳುವ ನೀರನ್ನು ಎಲ್ಲರೂ ಕಂಡರು. ಅಷ್ಟು ತಿಳಿಯಾದ ನೀರು ಆ ಅಂಗಳದಲ್ಲಿ ಬಿದ್ದು ಬಹಳ ಕಾಲವಾಗಿತ್ತು.

"ಚೋರ್ ಸಾಲಾ," ಎಂದರು ಯಾರೋ, ಯಾರಿಗೂ ಹೇಳದವರಂತೆ.

ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ನಾಲ್ಕನೆಯ ಮಹಡಿಯವನೊಬ್ಬ ಗಡಿಯಾರ ನೋಡಿ, ಅತ್ತಿತ್ತ ನೋಡಿ, ಮೆಟ್ಟಿಲ ಕಡೆ ಜಾರಿದ. ಅವನ ಹಿಂದೆ ಇನ್ನಿಬ್ಬರು. ಜಯಶೀಲ ಅದನ್ನು ಕಂಡ. ಇಷ್ಟೆಲ್ಲ ಕೇಳಿದ ಮೇಲೂ ಮೋಟರ್ ಹಾಕಲು ಹೋಗುತ್ತಿದ್ದರು.

"ಎತ್ತಿ," ಎಂದ.

ಯಂಕಣ್ಣ ಮತ್ತು ಉಳಿದ ಮೂವರು ಉಮಾವತಿಯನ್ನು ಮಲಗಿಸಿದ ಚಟ್ಟಕ್ಕೆ ಹೆಗಲು ಕೊಟ್ಟರು. ಗೇಟಿನ ಬಾಯಿಯಲ್ಲೇ ನೆಲದಲ್ಲೊಂದು ಕಬ್ಬಿಣದ ಮುಚ್ಚಳ. ಅದರಡಿ ಕಟ್ಟಡದ ನೀರಿನ ವಾಲ್ವು. ದಿನವೂ ಹನ್ನೊಂದಕ್ಕೆ ಮುಚ್ಚಳ ಎತ್ತಿ ವಾಚ್‌ಮನ್ ಅದನ್ನು ತಿರುಗಿಸಬೇಕು. ತಿರುಗಿಸದಿದ್ದರೆ ಒಳಗೆ ತೊಟ್ಟೂ ಬಾರದು.

"ಇಲ್ಲಿ ಇಳಿಸಿ," ಎಂದ ಜಯಶೀಲ.

"ಇಲ್ಲೇನ್ರಿ?"

"ಇದರ ಮೇಲೆ."

ಯಂಕಣ್ಣನಿಗೆ ಅರ್ಥವಾಯಿತು. ಚಟ್ಟವನ್ನು ಮುಚ್ಚಳದ ಮೇಲೆ ಅಡ್ಡಡ್ಡ, ಗೇಟಿನ ಒಂದು ಕಂಬದಿಂದ ಇನ್ನೊಂದಕ್ಕೆ ಇಳಿಸಿದರು.

"ಇದೆಂತ ಜಯಶೀಲಣ್ಣ, ಹೆಣ ಇಟ್ಟು ಆಟವಾ?" ಹೊರಗಿನಿಂದ ಮುರಾರಿ ಕೂಗಿದ.

"ಪಾಲಿಕೆಯವರು ಬರಲಿ. ಮೋರಿ ಅಗೆಯಲಿ, ನೀರು ನೋಡಲಿ. ಅಲ್ಲಿಯವರೆಗೆ ಇವಳು ಏಳುವುದಿಲ್ಲ."

"ಸಂಜೆಯಾಗ್ತದೆ!"

"ಆಗಲಿ. ಇವಳಿಗೆ ಇನ್ನು ಅವಸರ ಇಲ್ಲ."

ಭಾಗೀರಥಿ ಫೋನು ತೆಗೆದಳು. "ನಾನು ಮಾಡ್ತೀನಿ ಕಂಪ್ಲೇಂಟು. ಲೈನ್ ಕಟ್ ಮಾಡಿದ್ರೆ ಮಾಡ್ಲಿ," ಎಂದು ನಂಬರು ಒತ್ತಿದಳು. ವಾಚ್‌ಮನ್ ವಾಲ್ವಿನ ಕೀಲಿ ಹಿಡಿದು ಹತ್ತಿರ ಬಂದವನು ಉಮಾವತಿಯ ಮುಖ ಕಂಡು ಟೋಪಿ ತೆಗೆದು ನಿಂತ.

ಹನ್ನೊಂದಾಯಿತು. ಮೇಲೆ ಒಂದು ಮೋಟರು ಶುರುವಾಯಿತು. ಎರಡನೆಯದು, ಐದನೆಯದು. ನೀರಿಲ್ಲದ ಪೈಪನ್ನು ಜಗ್ಗುತ್ತ ಕಟ್ಟಡವೆಲ್ಲ ಊಳಿಡತೊಡಗಿತು. ಜಯಶೀಲ ಹೆಂಡತಿಯ ಕಾಲ ಬಳಿ ನೆಲದ ಮೇಲೆ ಕುಳಿತ. ಸ್ವಲ್ಪ ಹೊತ್ತಿಗೆ ಕಿಟಕಿಗಳಿಂದ ತಲೆಗಳು ಹೊರಬಂದವು, ಕೆಳಗೆ ನೋಡಿದವು. ಮೋಟರುಗಳು ಒಂದೊಂದಾಗಿ ನಿಂತವು.

ಮೂರನೆಯ ಮಹಡಿಯ ಮುರಾರಿಯದು ಮಾತ್ರ ನಿಲ್ಲಲಿಲ್ಲ. ಅದಕ್ಕೆ ಟೈಮರ್ ಇತ್ತು, ಮನೆಯಲ್ಲಿ ಆರಿಸುವವರಿರಲಿಲ್ಲ. ಅಶ್ಮಿತಾ ಉಮಾವತಿಯ ತಲೆಯ ಬಳಿ ಗೋಡೆಗೆ ಒರಗಿ ಕುಳಿತಿದ್ದಳು, ಏಳಲಿಲ್ಲ. ಸುಟ್ಟ ತಂತಿಯ ವಾಸನೆ ಅಂಗಳಕ್ಕೆ ಇಳಿಯಿತು. ಮುರಾರಿ ಗೇಟಿನಾಚೆ ನಿಂತು ತನ್ನ ಕಿಟಕಿಯನ್ನು ನೋಡಿದ, ಒಂದು ಹೆಜ್ಜೆ ಮುಂದಿಟ್ಟ. ಅವನ ಕಾಲಿನ ಮುಂದೆ, ಕಂಬದಿಂದ ಕಂಬದವರೆಗೆ, ಉಮಾವತಿ ಮಲಗಿದ್ದಳು.