ಏಳನೆಯ ಸಾಲು

ಪೂರ್ಣಿಮಾಳಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಕಾರವಾರದ ಮೀನುಗಾರರ ಸಂಘವೊಂದಕ್ಕೆ ಅವಳು ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ ೨೦೦೬ರ ಡಿಸೆಂಬರಿನ ಆ ಬೆಳಿಗ್ಗೆಯಷ್ಟೇ ಕೆಲಸ ಶುರು ಮಾಡಿತ್ತು. ಮರಳಿದ ದೋಣಿಗಳ ಹೆಸರನ್ನು ಗುಮಾಸ್ತ ತುಳಸಿದಾಸ ಫೈಲಿನಲ್ಲಿ ಟೈಪು ಮಾಡಬೇಕು, ಅದನ್ನು ಪ್ರೋಗ್ರಾಂ ಸಾಲು ಸಾಲಾಗಿ ಓದಿ, ಹೆಸರುಗಳನ್ನು ಅಚ್ಚುಹಾಕಿ, ಕೊನೆಯಲ್ಲಿ ಎಷ್ಟು ಬಂದವೆಂದು ಹೇಳಬೇಕು. ಸಂಘದ ಹನ್ನೆರಡು ದೋಣಿಗಳಲ್ಲಿ ಒಂದು ಕಡಿಮೆಯಾದರೂ ಹುಡುಕಲು ಜನ ಹೊರಡುತ್ತಾರೆ. ಹೊರಗಿನ ಬೋರ್ಡಿಗೆ ಅಂಟಿಸಿದ ಹಾಳೆ ‘ಹನ್ನೆರಡೂ ಬಂದಿವೆ’ ಎಂದಿತ್ತು.

ಇನ್ನೊಬ್ಬಳಾಗಿದ್ದರೆ ಚಹಾ ಕುಡಿದು ಮನೆಗೆ ಹೋಗುತ್ತಿದ್ದಳು. ಇವಳಿಗೆ ಬರೀ ಖಾಲಿ ಸಾಲು ಕೊಟ್ಟರೆ ಪ್ರೋಗ್ರಾಂ ಏನು ಮಾಡೀತೆಂಬ ಕುತೂಹಲ. ಖಾಲಿ ಸಾಲುಗಳಷ್ಟೇ ಇರುವ ಫೈಲು ಮಾಡಿ, ಮೆಮೊರಿ ತಪ್ಪು ಹಿಡಿಯುವ ವಾಲ್‌ಗ್ರಿಂಡಿನಲ್ಲಿ ಓಡಿಸಿದಳು. ತಕ್ಷಣ ದೂರು ಬಂತು. ಸಾಲಿನ ಕೊನೆಯ ಅಕ್ಷರ ಹುಡುಕಹೊರಟ ಪ್ರೋಗ್ರಾಂ, ಸಾಲೇ ಖಾಲಿಯಾದ್ದರಿಂದ, ಮೊದಲ ಅಕ್ಷರಕ್ಕೂ ಒಂದು ಹೆಜ್ಜೆ ಹಿಂದೆ ಹೋಗಿ ತನ್ನದಲ್ಲದ ಜಾಗಕ್ಕೆ ಕೈಹಾಕಿತ್ತು. ಪೂರ್ಣಿಮಾಳಿಗೆ ಖುಷಿಯೋ ಖುಷಿ. ತನ್ನದೇ ತಪ್ಪು ಸಿಕ್ಕರೆ ಹಿಗ್ಗುವ ಪೈಕಿ ಅವಳು.

ಇನ್ನಷ್ಟು ಕೆದಕಿದಳು. ಎರಡು ಹೆಸರುಗಳ ನಡುವೆ ಖಾಲಿ ಸಾಲಿಟ್ಟಾಗ ಮೇಲಿನ ಹೆಸರೇ ಎರಡು ಸಲ ಅಚ್ಚಾಯಿತು. ಹೊಸದು ಸಿಗದೆ ಪ್ರೋಗ್ರಾಂ ಹಳೆಯದನ್ನೇ ಹಿಡಿದುಕೊಂಡಿತ್ತು. ಆದರೆ ನಿಜವಾದ ಫೈಲಿನಲ್ಲಿ ಖಾಲಿ ಸಾಲು ಎಲ್ಲಿಂದ ಬರಬೇಕು? ಬೆಳಗಿನದನ್ನು ತೆರೆದಳು. ಏಳನೆಯ ಸಾಲು ಖಾಲಿ. ಹಾಳೆಯಲ್ಲಿ ಆರನೆಯ ದೋಣಿಯೂ ‘ಮಹಾಲಸಾ’, ಏಳನೆಯದೂ ‘ಮಹಾಲಸಾ’. ಎಲ್ಲರೂ ಕೊನೆಯ ಲೆಕ್ಕವನ್ನಷ್ಟೇ ಓದಿದ್ದರು, ಅವಳೂ ಸಹ.

ಕೈತಪ್ಪಿ ಎಂಟರ್ ಒತ್ತಿದಿರಾ ಎಂದು ತುಳಸಿದಾಸನನ್ನು ಕೇಳಿದಳು. ಅವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಮೂವತ್ತು ವರ್ಷದಿಂದ ಪುಸ್ತಕದಲ್ಲೂ ಅವನು ಪ್ರತಿ ದೋಣಿಗೆ ಅದರದೇ ಸಾಲು ಬಿಟ್ಟವನು.

“ದೋಣಿ ದಡಕ್ಕೆ ಹತ್ತದೆ ಹೆಸರು ಬರಿಯೂದಿಲ್ಲ ತಂಗಿ. ಬಂದ ಮೇಲೆ ತುಂಬೂದು. ಏಳನೇದು ಮಂಗೇಶನ ದೋಣಿ.”

ಹಾಳೆ ಹನ್ನೆರಡು ಎಂದಾಗ, ಕಂಪ್ಯೂಟರಿಗೆ ವೈರ್‌ಲೆಸ್ಸಿನಲ್ಲಿ ಸುದ್ದಿ ಬಂದಿರಬೇಕೆಂದುಕೊಂಡು ಸುಮ್ಮನಿದ್ದನಂತೆ. ಸುದ್ದಿ ಯಾವುದೂ ಬಂದಿಲ್ಲ, ಹಾಳೆಯೇ ತಪ್ಪು ಎಂದಳು ಪೂರ್ಣಿಮಾ. ತುಳಸಿದಾಸ ಹುಡುಕುವ ದೋಣಿ ಹೊರಡಿಸಲು ದೋಣಿ ಕಟ್ಟುವ ಜೆಟ್ಟಿಗೆ ಓಡಿದ. ಹೋಗುತ್ತ ಹೋಗುತ್ತ, ಮಂಗೇಶನ ಹೆಂಡತಿ ಕಾಶಿ ಬೋರ್ಡು ನೋಡಿ ನಿಶ್ಚಿಂತೆಯಿಂದ ಮನೆಗೆ ಹೋದಳೆಂದೂ ಹೇಳಿದ.

ಪ್ರೋಗ್ರಾಂ ತಿದ್ದುವುದು ಎರಡು ಸಾಲಿನ ಕೆಲಸ. ಅದನ್ನು ಹಾಗೇ ಬಿಟ್ಟು ಪೂರ್ಣಿಮಾ ಕಾಶಿಯ ಮನೆಗೆ ಹೋದಳು. ಕಾಶಿ ಗಂಡನ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಳು. ಮೀನು ಇಳಿಸಿ ಬರುತ್ತಾರೆ, ಕೂತುಕೋ ಎಂದಳು. ಪೂರ್ಣಿಮಾ ಕೂರಲಿಲ್ಲ.

“ಕಾಶಕ್ಕ, ಆ ಹಾಳೆ ಸುಳ್ಳು. ಮಂಗೇಶಣ್ಣ ಇನ್ನೂ ಬರ್ಲಿಲ್ಲ. ತಪ್ಪು ನಂದು.”

ಕಾಶಿ ಅವಳನ್ನೇ ನೋಡಿದಳು. ಆಮೇಲೆ ಒಲೆಗೆ ಇನ್ನೊಂದು ಕಟ್ಟಿಗೆ ಹಾಕಿದಳು.